ಚಾರಣ ಚೀಲದ ಕಲೆಗಳ ನಿವಾರಣೆ

ಚಾರಣ ಚೀಲದ ಕಲೆಗಳ ನಿವಾರಣೆ ಎಂದರೆ ಬೆಟ್ಟ, ಕಾಡು, ಕೋಟೆಗಳಿಗೆ ಹೋಗುವವರು ಬೆನ್ನಿಗೆ ಹಾಕಿಕೊಳ್ಳುವ ಚೀಲದ ಮೇಲಿನ ಮಣ್ಣು, ರಕ್ತ, ಆಹಾರ, ಬೆವರು ಮತ್ತು ಬೂಷ್ಟಿನ ಗುರುತುಗಳನ್ನು ಚೀಲದ ಜಲನಿರೋಧಕ ಗುಣ ಕೆಡದಂತೆ ತೆಗೆಯುವ ಕೆಲಸ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳನ್ನು ಒಳಗೊಂಡ ದಕ್ಷಿಣ ಬೆಂಗಳೂರಿನಿಂದ ವಾರಾಂತ್ಯಗಳಲ್ಲಿ ಮಾಗಡಿ ತಾಲ್ಲೂಕಿನ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ, ಪಶ್ಚಿಮ ಘಟ್ಟದ ಕುಮಾರಪರ್ವತ ಮೊದಲಾದೆಡೆಗೆ ಚಾರಣಿಗರು ಹೋಗುತ್ತಾರೆ. ಅವರ ಚೀಲಗಳಿಗೆ ಅಂಟುವ ಕಲೆಗಳು ಒಂದೇ ಬಗೆಯವಲ್ಲ. ಎಲ್ಲಕ್ಕೂ ಒಂದೇ ಸೋಪು, ಒಂದೇ ಬಿಸಿನೀರು ಬಳಸುವುದರಿಂದ ಕಲೆಗಿಂತ ಹೆಚ್ಚಿನ ಹಾನಿ ಆಗುತ್ತದೆ.

ಬಟ್ಟೆಯ ರಚನೆ

ಇಂದಿನ ಚೀಲಗಳ ಬಟ್ಟೆ ಬಹುಮಟ್ಟಿಗೆ ನೈಲಾನ್ ಅಥವಾ ಪಾಲಿಯೆಸ್ಟರ್. ಅದರ ಒಳಮೈಗೆ ಪಾಲಿಯುರೆಥೇನ್ ಎಂಬ ತೆಳುವಾದ ಲೇಪನವಿರುತ್ತದೆ. ಮಳೆನೀರನ್ನು ತಡೆಯುವುದು ಮುಖ್ಯವಾಗಿ ಇದೇ. ಬಿಸಿನೀರು, ಬಟ್ಟೆ ಒಗೆಯುವ ಯಂತ್ರದ ತಿರುಚಾಟ, ಗಡುಸಾದ ಬ್ರಷ್, ಬ್ಲೀಚಿಂಗ್ ಪುಡಿ ಇವೆಲ್ಲ ಲೇಪನಕ್ಕೂ ಹೊಲಿಗೆಗೂ ಶತ್ರುಗಳು. ಒದ್ದೆಯಾಗಿಯೇ ಬಹುಕಾಲ ಇಟ್ಟರೂ ಲೇಪನ ನೀರಿನೊಂದಿಗೆ ವರ್ತಿಸಿ ಅಂಟಂಟಾಗಿ, ಪುಡಿಪುಡಿಯಾಗಿ ಉದುರುತ್ತದೆ. ಹಾಗೆ ಉದುರಿದ್ದನ್ನು ಯಾವ ತೊಳೆತವೂ ಮರಳಿ ತರುವುದಿಲ್ಲ.

ಹಿಂದೆ ಬೇಟೆಗಾರರು ಬಳಸುತ್ತಿದ್ದ ಚೀಲಗಳು ದಪ್ಪ ಹತ್ತಿಯ ಕ್ಯಾನ್ವಾಸಿನವು; ಕೆಲವಕ್ಕೆ ಮೇಣ ಹಚ್ಚಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆ ಅಪರಾಧವಾಗಿರುವುದರಿಂದ ಅಂಥ ಚೀಲಗಳು ಈಗ ಹಳೆಯ ಮನೆಗಳ ಅಟ್ಟದಲ್ಲಿ ಮಾತ್ರ ಸಿಗಬಹುದು. ಮೇಣದ ಕ್ಯಾನ್ವಾಸಿಗೆ ಸೋಪು ತಾಕಿಸಬಾರದು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು.

ಕೆಮ್ಮಣ್ಣು

ಬೆಂಗಳೂರಿನ ಸುತ್ತಲಿನ ಮಣ್ಣು ಕೆಂಪಾಗಿರಲು ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಕಾರಣ. ಅದು ನೀರಿನಲ್ಲಿ ಕರಗದು. ಅದರ ಸೂಕ್ಷ್ಮ ಕಣಗಳು ನೇಯ್ಗೆಯ ಎಳೆಗಳ ನಡುವೆ ಕುಳಿತುಬಿಡುತ್ತವೆ. ಒದ್ದೆ ಕೆಸರನ್ನು ಉಜ್ಜಿದರೆ ಕಣಗಳು ಇನ್ನೂ ಒಳಕ್ಕೆ ಹೋಗುತ್ತವೆ. ಆದ್ದರಿಂದ ಕೆಸರು ಪೂರ್ತಿ ಒಣಗುವವರೆಗೆ ಕಾಯಬೇಕು. ಮನೆಗೆ ಬಂದ ಕೂಡಲೇ ನಲ್ಲಿಯ ಕೆಳಗೆ ಹಿಡಿಯುವ ಅವಸರವೇ ಅನೇಕ ಕಲೆಗಳನ್ನು ಶಾಶ್ವತಗೊಳಿಸುತ್ತದೆ. ಒಣಗಿದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿ, ಮೃದುವಾದ ಬ್ರಷ್ಷಿನಿಂದ ಹೊರಮುಖವಾಗಿ ಗುಡಿಸಿ, ಉಳಿದದ್ದನ್ನು ತಣ್ಣೀರು ಮತ್ತು ಸೌಮ್ಯ ಮಾರ್ಜಕದಿಂದ ತೊಳೆಯಬೇಕು.

ಆಮೇಲೂ ಕಿತ್ತಳೆ ಬಣ್ಣದ ಮಸುಕು ಉಳಿದರೆ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬಹುದು. ಅದರ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ನಿಧಾನವಾಗಿ ಬಿಡಿಸುತ್ತದೆ. ಬಚ್ಚಲು ತೊಳೆಯುವ ಆಮ್ಲವನ್ನು ಬಳಸುವ ಸಾಹಸ ಬೇಡ. ನೈಲಾನ್ ಎಳೆಗಳು ಪ್ರಬಲ ಆಮ್ಲಕ್ಕೆ ಕರಗಿ ಸಡಿಲಗೊಳ್ಳುತ್ತವೆ, ಭಾರ ಹೊರುವ ಪಟ್ಟಿ ಬೆಟ್ಟದ ನಡುವೆ ಕಿತ್ತುಹೋದರೆ ಅದು ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಉಂಬಳದ ರಕ್ತ

ಮಳೆಗಾಲದಲ್ಲಿ ಘಟ್ಟದ ಕಾಡುಗಳಿಂದ ಬಂದ ಚೀಲಗಳಲ್ಲಿ ರಕ್ತದ ಕಲೆ ಸಾಮಾನ್ಯ. ಉಂಬಳದ ಜೊಲ್ಲಿನಲ್ಲಿರುವ ಒಂದು ಪದಾರ್ಥ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಉಂಬಳ ಬಿಟ್ಟ ಮೇಲೂ ಗಾಯ ಒಸರುತ್ತಲೇ ಇರುತ್ತದೆ. ರಕ್ತಕ್ಕೆ ತಣ್ಣೀರೇ ಮದ್ದು. ಬಿಸಿನೀರಿನಲ್ಲಿ ರಕ್ತದ ಪ್ರೋಟೀನು ಮೊಟ್ಟೆಯಂತೆ ಗಟ್ಟಿಯಾಗಿ ಎಳೆಗೆ ಹಿಡಿದುಕೊಳ್ಳುತ್ತದೆ.

ಅರಿಶಿನ

ಡಬ್ಬಿಯಿಂದ ಸೋರಿದ ಚಿತ್ರಾನ್ನ ಅಥವಾ ಬಿಸಿಬೇಳೆಬಾತಿನ ಕಲೆ ಎಲ್ಲಕ್ಕಿಂತ ಹಟಮಾರಿ. ಅರಿಶಿನದ ಕುರ್ಕುಮಿನ್ ಎಣ್ಣೆಯಲ್ಲಿ ಕರಗಿ ಬಟ್ಟೆಗೆ ಬಣ್ಣವಾಗಿಯೇ ಏರುತ್ತದೆ. ಕ್ಷಾರಗುಣದ ಬಾರ್ ಸೋಪು ಹಚ್ಚಿದೊಡನೆ ಹಳದಿ ಕೆಂಪಾಗಿ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ನೀರು ಮಾಡಿದವರಿಗೆ ಇದು ಹೊಸದಲ್ಲ. ನಿಂಬೆರಸ ತಾಕಿಸಿದರೆ ಮತ್ತೆ ಹಳದಿಯಾಗುತ್ತದೆ, ಕಲೆ ಮಾತ್ರ ಹೋಗಿರುವುದಿಲ್ಲ. ಮೊದಲು ಪಾತ್ರೆ ತೊಳೆಯುವ ದ್ರವದಿಂದ ಎಣ್ಣೆಯನ್ನು ಬಿಡಿಸಿ, ಕಲೆಯಾದ ಭಾಗವನ್ನು ಮಾತ್ರ ಬಿಸಿಲಿಗೆ ಒಡ್ಡಬೇಕು. ಬೆಳಕಿಗೆ ಕುರ್ಕುಮಿನ್ ಒಡೆದು ಕ್ರಮೇಣ ಮಾಸುತ್ತದೆ. ಇಡೀ ಚೀಲವನ್ನು ದಿನಗಟ್ಟಲೆ ಬಿಸಿಲಿನಲ್ಲಿ ನೇತುಹಾಕುವಂತಿಲ್ಲ, ಏಕೆಂದರೆ ಅದೇ ಬೆಳಕು ನೈಲಾನನ್ನೂ ದುರ್ಬಲಗೊಳಿಸುತ್ತದೆ.

ಬಿಳಿಯ ಗುರುತುಗಳು

ಕಪ್ಪು ಚೀಲದ ಮೇಲೆ ಕಾಣುವ ಬಿಳಿಯ ಗುರುತಿಗೆ ಮೂರು ಕಾರಣಗಳಿರಬಹುದು. ಬೆವರಿನ ಉಪ್ಪು ಬರಿಯ ನೀರಿಗೇ ಕರಗುತ್ತದೆ. ಅದು ಹೋಗದೆ ಉಳಿದರೆ ತೊಳೆದ ನೀರನ್ನೇ ಶಂಕಿಸಬೇಕು: ಕೊಳವೆಬಾವಿಯ ಗಡಸು ನೀರು ಒಣಗಿದಾಗ ಸುಣ್ಣದಂಶ ಬಿಡುತ್ತದೆ, ಸೋಪಿನೊಂದಿಗೆ ಸೇರಿ ಬಿಳಿಯ ಗಸಿಯನ್ನೂ ಉಂಟುಮಾಡುತ್ತದೆ. ಸುಣ್ಣದಂಶ ನೀರು ಬೆರೆಸಿದ ವಿನೆಗರಿಗೆ ಕರಗುತ್ತದೆ. ಇಂಥ ನೀರಿರುವ ಮನೆಗಳಲ್ಲಿ ಸೋಪಿಗಿಂತ ಗ್ರಂಧಿಗೆ ಅಂಗಡಿಯ ಅಂಟುವಾಳ ಕಾಯಿಯನ್ನು ನೆನೆಸಿದ ನೀರು ಮೇಲು. ತಿಳಿಬಣ್ಣದ ಚೀಲವಾದರೆ ಅದನ್ನು ಸೋಸಿ ಬಳಸಬೇಕು.

ಮೂರನೆಯದು ಬೂಷ್ಟು. ಮುಗ್ಗಲು ವಾಸನೆಯಿಂದ ಅದನ್ನು ಗುರುತಿಸಬಹುದು. ಬೆಂಗಳೂರಿನಲ್ಲಿ ಸೆಪ್ಟೆಂಬರ್‌, ಅಕ್ಟೋಬರ್‌ ತಿಂಗಳುಗಳಲ್ಲಿ ಮಳೆ ಹೆಚ್ಚು. ಗಾಳಿಯಾಡದ ಕಪಾಟಿನಲ್ಲಿಟ್ಟ ತೇವದ ಚೀಲಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಅದನ್ನು ಮನೆಯೊಳಗೆ ಕೊಡವಿದರೆ ಬೀಜಕಣಗಳು ಹರಡಿ, ಉಬ್ಬಸವಿರುವವರಿಗೆ ತೊಂದರೆಯಾದೀತು. ಹೊರಗೆ ಬ್ರಷ್ ಮಾಡಿ, ವಿನೆಗರ್ ಮತ್ತು ನೀರನ್ನು ಸಮವಾಗಿ ಬೆರೆಸಿ ಹಚ್ಚಿ, ಕಾಲು ಗಂಟೆಯ ನಂತರ ತೊಳೆಯಬೇಕು. ಕಪ್ಪು ಚುಕ್ಕೆಗಳು ಉಳಿದರೂ ವಾಸನೆ ಹೋಗಿದ್ದರೆ ಚೀಲ ಬಳಕೆಗೆ ಯೋಗ್ಯ.

ಒಣಗಿಸುವಿಕೆ

ಎಲ್ಲ ಜೇಬುಗಳನ್ನೂ ತೆರೆದು, ಚೀಲವನ್ನು ತಲೆಕೆಳಗಾಗಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಬಟ್ಟೆ ಬೇಗ ಒಣಗಿದರೂ ಭುಜದ ಪಟ್ಟಿಯೊಳಗಿನ ಸ್ಪಂಜು ಬೇಗ ಒಣಗುವುದಿಲ್ಲ. ಒತ್ತಿ ನೋಡಿದಾಗ ತಂಪು ತಾಕಿದರೆ ಇನ್ನೊಂದು ದಿನ ಬಿಡುವುದು ಒಳ್ಳೆಯದು. ಜಿಪ್ಪಿನ ಹಲ್ಲುಗಳಲ್ಲಿ ಸಿಕ್ಕ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಒಣಗಿದ ಮೇಲೆ ಮೇಣದಬತ್ತಿಯ ತುಂಡನ್ನು ಸವರಿದರೆ ಅದು ಸರಾಗವಾಗಿ ಜಾರುತ್ತದೆ.