ವೃತ್ತಿರಂಗಭೂಮಿಯ ಕಷ್ಟಸುಖಗಳು: ದಕ್ಷಿಣ ಬೆಂಗಳೂರಿನ ನಿದರ್ಶನ

‘ವೃತ್ತಿರಂಗಭೂಮಿ’, ‘ಹವ್ಯಾಸಿ ರಂಗಭೂಮಿ’ ಎಂಬ ಎರಡು ಹೆಸರುಗಳು ಕನ್ನಡ ನಾಟಕದ ಚರ್ಚೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿವೆ. ನಾಟಕದಿಂದಲೇ ಜೀವನ ಸಾಗಿಸುವವರು ವೃತ್ತಿನಿರತರು. ಬೇರೆ ಉದ್ಯೋಗದಲ್ಲಿದ್ದು ಬಿಡುವಿನ ವೇಳೆಯಲ್ಲಿ ನಾಟಕವಾಡುವವರು ಹವ್ಯಾಸಿಗಳು ಎಂಬುದು ಸಾಮಾನ್ಯವಾದ ವಿವರಣೆ. ಈ ವಿವರಣೆ ಸುಳ್ಳಲ್ಲ. ಆದರೆ ಅದು ಕಲಾವಿದರ ಜೀವನೋಪಾಯವನ್ನು ಹೇಳುತ್ತದೆಯೇ ಹೊರತು ಅವರ ಕೆಲಸದ ಸ್ವರೂಪವನ್ನು ತಿಳಿಸುವುದಿಲ್ಲ. ನಾಟಕವು ವೃತ್ತಿಯಾಗುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ದಕ್ಷಿಣ ಬೆಂಗಳೂರಿನ ರಂಗಚಟುವಟಿಕೆಯ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದೇ ನಾಟಕವನ್ನು ಮತ್ತೆ ಮತ್ತೆ ಆಡುವ ಅವಕಾಶವೇ ವೃತ್ತಿಯ ಆಧಾರವೆಂದೂ, ಈ ಕಸಬಿನ ಕಷ್ಟಸುಖಗಳೆರಡೂ ಅದನ್ನೇ ಅವಲಂಬಿಸಿವೆಯೆಂದೂ ಇಲ್ಲಿ ತೋರಿಸಲು ಯತ್ನಿಸಲಾಗಿದೆ.

ಮೊದಲು ಹಳೆಯ ಕಂಪನಿಗಳ ಪದ್ಧತಿಯನ್ನು ನೋಡಬಹುದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯು 1917ರಲ್ಲಿ ಗುಬ್ಬಿ ವೀರಣ್ಣನವರ ಒಡೆತನಕ್ಕೆ ಬಂದ ಮೇಲೆ ಕನ್ನಡ ನಾಡಿನ ಮನೆಮಾತಾಯಿತು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ವೈಭವವನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ಅಂಥ ವೈಭವಕ್ಕೆ ಹಾಕಿದ ಹಣ ಹಿಂದಿರುಗಿ ಬರುತ್ತಿದ್ದುದು ಹೇಗೆಂಬುದನ್ನು ಗಮನಿಸಬೇಕು. ಕಂಪನಿ ಒಂದೂರಿನಲ್ಲಿ ಮೊಕ್ಕಾಂ ಹೂಡಿ ಕಲೆಕ್ಷನ್ ಇರುವಷ್ಟು ಕಾಲ ಅಲ್ಲಿಯೇ ನಿಲ್ಲುತ್ತಿತ್ತು. ಒಂದು ನಾಟಕಕ್ಕೆ ಜನ ಕಡಿಮೆಯಾದರೆ ಇನ್ನೊಂದನ್ನು ಹಾಕುತ್ತಿತ್ತು; ಊರಿಗೆ ಊರೇ ನೋಡಿ ಮುಗಿಸಿದರೆ ಮುಂದಿನ ಊರಿಗೆ ಹೊರಡುತ್ತಿತ್ತು. ಪರದೆ, ಪೋಷಾಕು, ರಂಗಸಜ್ಜಿಕೆಗಳಿಗೆ ಒಮ್ಮೆ ಮಾಡಿದ ವೆಚ್ಚವು ನೂರಾರು ಪ್ರದರ್ಶನಗಳ ಮೇಲೆ ಹಂಚಿಹೋಗುತ್ತಿತ್ತು. ಈ ಪದ್ಧತಿಯೇ ಕಲಾವಿದರ ಪಾಠಶಾಲೆಯೂ ಆಗಿತ್ತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಇವರು ಚಲನಚಿತ್ರಕ್ಕೆ ಬರುವ ಮೊದಲು ಪಳಗಿದ್ದು ಕಂಪನಿ ನಾಟಕಗಳಲ್ಲಿ, ಬಿ. ವಿ. ಕಾರಂತರು ಎಳೆಯ ವಯಸ್ಸಿನಲ್ಲಿ ಸೇರಿದ್ದು ಗುಬ್ಬಿ ಕಂಪನಿಯನ್ನೇ.

ಈ ಪದ್ಧತಿ ಪೂರ್ಣವಾಗಿ ಅಳಿದಿಲ್ಲ. ಬೆಂಗಳೂರಿನ ಬನಶಂಕರಿ ಬಡಾವಣೆಗೆ ಆ ಹೆಸರು ಬಂದಿರುವುದು ಕನಕಪುರ ರಸ್ತೆಯ ದೇವಸ್ಥಾನದಿಂದ. ಅದೇ ದೇವಿಯ ಪ್ರಾಚೀನ ಕ್ಷೇತ್ರವಿರುವುದು ಬಾದಾಮಿಯ ಸಮೀಪದಲ್ಲಿ. ಅಲ್ಲಿ ಪ್ರತಿವರ್ಷ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಹಲವು ವೃತ್ತಿನಾಟಕ ಕಂಪನಿಗಳು ಅಕ್ಕಪಕ್ಕದಲ್ಲಿಯೇ ಟೆಂಟು ಹಾಕಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟಗಳನ್ನು ರಾತ್ರಿ ಬಹುಹೊತ್ತಿನವರೆಗೂ ಆಡುತ್ತವೆ. ಬಾದಾಮಿಯ ಬನಶಂಕರಿಯಲ್ಲಿ ಜನಸಂದಣಿ ತಾನಾಗಿ ನಾಟಕದ ಬಳಿಗೆ ಬರುತ್ತದೆ. ಬೆಂಗಳೂರಿನ ಬನಶಂಕರಿಯಲ್ಲಿ ಜನಸಂದಣಿಗೆ ಕೊರತೆಯಿಲ್ಲ. ಆದರೆ ಅದು ನಾಟಕದ ಬಳಿಗೆ ಬರುವ ಸಂದಣಿಯಲ್ಲ.

ಬೆಂಗಳೂರಿನ ನಾಟಕದ ಇತಿಹಾಸ ಬೇರೆ ದಾರಿಯಲ್ಲಿ ನಡೆಯಿತು. 1909ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಅನಂತರ ಕೈಲಾಸಂ ಅವರ ನಾಟಕಗಳು, ಇವು ವಿದ್ಯಾವಂತ ನೌಕರವರ್ಗದ ಹವ್ಯಾಸಿ ಪರಂಪರೆಯನ್ನು ಬೆಳೆಸಿದುವು. 1963ರಲ್ಲಿ ಆರಂಭವಾದ ರವೀಂದ್ರ ಕಲಾಕ್ಷೇತ್ರವು ಈ ಪರಂಪರೆಗೆ ದೊಡ್ಡ ನೆಲೆಯನ್ನು ಒದಗಿಸಿತು. ನಗರದ ದಕ್ಷಿಣ ಭಾಗ ವಿಸ್ತರಿಸಿದಂತೆ ಜಯನಗರದ ಹೆಚ್. ಎನ್. ಕಲಾಕ್ಷೇತ್ರ, ಹನುಮಂತನಗರದ ಕೆ. ಹೆಚ್. ಕಲಾಸೌಧ ಮೊದಲಾದ ರಂಗಮಂದಿರಗಳು ಬಂದುವು. ಇವುಗಳಲ್ಲಿ ವಿಶೇಷವಾಗಿ ಉಲ್ಲೇಖಿಸಬೇಕಾದುದು ಜೆ. ಪಿ. ನಗರದ ‘ರಂಗಶಂಕರ’. 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡ ನಟ, ನಿರ್ದೇಶಕ ಶಂಕರನಾಗ್ ಅವರ ನೆನಪಿನಲ್ಲಿ, ಅರುಂಧತಿ ನಾಗ್ ಮತ್ತು ಅವರ ಸಂಗಡಿಗರ ದೀರ್ಘಕಾಲದ ಪ್ರಯತ್ನದಿಂದ ಎದ್ದುನಿಂತ ಈ ರಂಗಮಂದಿರ 2004ರಲ್ಲಿ ತೆರೆಯಿತು. ನಾಟಕಕ್ಕಾಗಿಯೇ ರೂಪಿಸಿದ ಈ ಸಭಾಂಗಣದ ರಂಗಸ್ಥಳವು ಪ್ರೇಕ್ಷಕರ ನಡುವೆ ಮುಂಚಾಚಿಕೊಂಡಿದೆ. ನಿಗದಿಯಾದ ಕಾಲಕ್ಕೆ ಬಾಗಿಲು ಮುಚ್ಚಿದ ಮೇಲೆ ಎಂಥವರಿಗೂ ಒಳಗೆ ಪ್ರವೇಶವಿಲ್ಲ. ಈ ನಿಯಮ ಪ್ರೇಕ್ಷಕರಿಗೆ ಕಠಿನವೆಂದು ತೋರಬಹುದು. ಆದರೆ ನಾಟಕವು ಒಂದು ಗಂಭೀರವಾದ ಕಸಬು ಎಂಬುದನ್ನು ಅದು ಮಾತಿಲ್ಲದೆ ಸಾರುತ್ತದೆ.

ಹೀಗೆ ರಂಗಮಂದಿರವುಂಟು, ತಂಡಗಳುಂಟು, ಪ್ರೇಕ್ಷಕರೂ ಉಂಟು. ಹಾಗಿದ್ದರೂ ನಾಟಕದಿಂದಲೇ ಬದುಕುವುದು ಇಲ್ಲಿ ದುಸ್ತರವೇಕೆ? ಇದನ್ನು ಒಂದು ಕಲ್ಪಿತ ಲೆಕ್ಕದ ಮೂಲಕ ವಿಶದಪಡಿಸಬಹುದು. ಮುನ್ನೂರು ಆಸನಗಳ ಸಭಾಂಗಣ, 200 ರೂಪಾಯಿಯ ಟಿಕೆಟ್ ಎಂದಿಟ್ಟುಕೊಳ್ಳೋಣ. ಸಭಾಂಗಣ ತುಂಬಿದರೆ ಬರುವ ಹಣ 60,000 ರೂಪಾಯಿ. ಬಾಡಿಗೆ, ದೀಪ, ಧ್ವನಿ, ಸಾಗಾಟ, ಊಟೋಪಚಾರ, ಪ್ರಚಾರ ಇವುಗಳಿಗೆ ಆ ಒಂದು ದಿನದ ವೆಚ್ಚ 25,000 ಎಂದರೆ ಉಳಿಯುವುದು 35,000. ರಂಗಸಜ್ಜಿಕೆ, ಉಡುಪು, ಸಂಗೀತ, ತಾಲೀಮಿನ ಸ್ಥಳ ಇವುಗಳಿಗೆ ಮೊದಲೇ ಒಂದು ಲಕ್ಷ ವೆಚ್ಚವಾಗಿದ್ದರೆ, ಅದು ತೀರುವುದು ಮೂರನೆಯ ತುಂಬಿದ ಪ್ರದರ್ಶನದಲ್ಲಿ. ನಾಲ್ಕನೆಯ ಪ್ರದರ್ಶನದ 35,000 ರೂಪಾಯಿಯನ್ನು ಹದಿನೈದು ಮಂದಿ ಹಂಚಿಕೊಂಡರೆ ತಲೆಗೆ ಸುಮಾರು 2,330 ರೂಪಾಯಿ ಬರುತ್ತದೆ. ಇನ್ನು ಸಭಾಂಗಣ ಅರ್ಧ ಮಾತ್ರ ತುಂಬಿದರೆ ಸ್ಥಿತಿ ಏನಾಗುವುದೆಂಬುದು ಹೆಚ್ಚು ಮುಖ್ಯ. ಆದಾಯ 30,000ಕ್ಕೆ ಇಳಿಯುತ್ತದೆ. ದಿನದ ವೆಚ್ಚ ಇಳಿಯುವುದಿಲ್ಲ. ಉಳಿತಾಯ 35,000ದಿಂದ 5,000ಕ್ಕೆ ಬೀಳುತ್ತದೆ. ಪ್ರೇಕ್ಷಕರು ಅರ್ಧವಾದರೆ ಉಳಿತಾಯ ಏಳರಲ್ಲಿ ಒಂದು ಪಾಲಾಗುತ್ತದೆ; ಮೊದಲ ಬಂಡವಾಳ ತೀರಲು ಮೂರರ ಬದಲು ಇಪ್ಪತ್ತು ಪ್ರದರ್ಶನಗಳು ಬೇಕಾಗುತ್ತವೆ. ಆದುದರಿಂದಲೇ ಖಾಲಿ ಕುರ್ಚಿಯನ್ನು ಕಂಡಾಗ ನಟರ ಎದೆ ನಡುಗುವುದು ಕೇವಲ ಅಭಿಮಾನಭಂಗದಿಂದಲ್ಲ.

ಮರುಪ್ರದರ್ಶನಗಳು ಸುಲಭವಾಗಿ ಒದಗದಿರುವುದಕ್ಕೆ ಕಾರಣಗಳು ಹಲವು. ಮೊದಲನೆಯದಾಗಿ, ಬೇಡಿಕೆಯುಳ್ಳ ರಂಗಮಂದಿರವನ್ನು ಅನೇಕ ತಂಡಗಳು ಹಂಚಿಕೊಳ್ಳಬೇಕು. ಒಂದು ತಂಡಕ್ಕೆ ಸಿಕ್ಕುವುದು ಒಂದು ಅಥವಾ ಎರಡು ದಿನ. ಬೆಳಗ್ಗೆ ಕಟ್ಟಿದ ರಂಗಸಜ್ಜಿಕೆಯನ್ನು ರಾತ್ರಿಯೇ ಕಳಚಬೇಕು. ಎರಡನೆಯದಾಗಿ, ಮೊದಲ ಪ್ರದರ್ಶನಕ್ಕೆ ಬರುವವರಲ್ಲಿ ಬಂಧುಮಿತ್ರರೇ ಹೆಚ್ಚು. ಅಪರಿಚಿತ ಪ್ರೇಕ್ಷಕನಿಗೆ ಸುದ್ದಿ ತಲುಪುವಷ್ಟರಲ್ಲಿ ನಾಟಕ ಮುಗಿದಿರುತ್ತದೆ. ಮೂರನೆಯದಾಗಿ, ನಟನಟಿಯರ ದಿನಚರಿ ಅವರ ಕೈಯಲ್ಲಿಲ್ಲ. ಹಗಲು ಕಚೇರಿಯಲ್ಲಿ ದುಡಿಯುವವರು ಬಿ. ಟಿ. ಎಂ. ಬಡಾವಣೆಯಿಂದಲೋ ಬನಶಂಕರಿಯಿಂದಲೋ ವಾಹನಸಂದಣಿಯಲ್ಲಿ ತಾಲೀಮಿಗೆ ಬಂದು ಸೇರಬೇಕು. ಧಾರಾವಾಹಿಗಳಲ್ಲಿ ಅಭಿನಯಿಸುವವರು ಚಿತ್ರೀಕರಣದ ಕರೆಗೆ ಓಗೊಡಬೇಕು. ತಡರಾತ್ರಿ ಒಂಟಿಯಾಗಿ ಮನೆಗೆ ಹಿಂದಿರುಗಬೇಕಾದ ನಟಿಯರ ತೊಂದರೆ ಬೇರೆಯೇ ಇದೆ. ಒಬ್ಬರು ತಪ್ಪಿದರೆ ಪಾತ್ರವನ್ನು ಬೇರೊಬ್ಬರಿಗೆ ಕಲಿಸಬೇಕು, ಇಲ್ಲವೆ ಪ್ರದರ್ಶನವನ್ನೇ ಕೈಬಿಡಬೇಕು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನಿಂದ ರಂಗಮಂದಿರಗಳೆಲ್ಲ ಮುಚ್ಚಿದಾಗ ಈ ವೃತ್ತಿಯ ದುರ್ಬಲತೆ ಸ್ಪಷ್ಟವಾಯಿತು. ನಾಟಕವನ್ನು ಕಟ್ಟಿಟ್ಟು ಮುಂದೆ ಮಾರುವುದು ಸಾಧ್ಯವಿಲ್ಲ. ಆಡದ ದಿನದ ಆದಾಯ ಹೋದಂತೆಯೇ ಸರಿ.

ಈ ಸಮಸ್ಯೆಗೆ ಕರ್ಣಾಟಕದಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ‘ತಿರುಗಾಟ’ವು ಕಂಪನಿಗಳ ಸಂಚಾರವನ್ನು ಹೊಸ ನಾಟಕಗಳಿಗೆ ಅಳವಡಿಸಿತು. ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ‘ರಂಗಾಯಣ’ವು ಸರ್ಕಾರದ ಪೋಷಣೆಯಿಂದ ಕಲಾವಿದರಿಗೆ ವೇತನವನ್ನು ಒದಗಿಸಿತು. ದಕ್ಷಿಣ ಬೆಂಗಳೂರಿನಲ್ಲಿ ಕಂಡುಬರುವುದು ಮೂರನೆಯದೊಂದು ಮಿಶ್ರಮಾರ್ಗ: ಶಾಲೆಗಳಲ್ಲಿ ರಂಗಶಿಕ್ಷಣ, ಮಕ್ಕಳ ಶಿಬಿರ, ಕಂಠದಾನ, ಧಾರಾವಾಹಿ ಇವುಗಳ ಸಂಪಾದನೆಯಿಂದ ನಾಟಕದ ದಿನಗಳನ್ನು ಉಳಿಸಿಕೊಳ್ಳುವುದು. ಇವರನ್ನು ವೃತ್ತಿನಿರತರೆನ್ನಬೇಕೆ, ಹವ್ಯಾಸಿಗಳೆನ್ನಬೇಕೆ? ಸಂಪಾದನೆಯ ಮೂಲವನ್ನೇ ಅಳತೆಗೋಲಾಗಿ ಹಿಡಿದರೆ ಉತ್ತರ ಸಿಕ್ಕುವುದಿಲ್ಲ.

ಇಲ್ಲಿ ‘ಮುಖ್ಯಮಂತ್ರಿ’ ನಾಟಕದ ಉದಾಹರಣೆ ಪ್ರಯೋಜನಕಾರಿಯಾಗಿದೆ. ಬೆಂಗಳೂರಿನ ಕಲಾಗಂಗೋತ್ರಿ ತಂಡವು ಬಿ. ವಿ. ರಾಜಾರಾಂ ಅವರ ನಿರ್ದೇಶನದಲ್ಲಿ 1980ರಲ್ಲಿ ರಂಗಕ್ಕೆ ತಂದ ಈ ನಾಟಕ ದಶಕಗಳ ಕಾಲ ನೂರಾರು ಪ್ರದರ್ಶನಗಳನ್ನು ಕಂಡಿತು. ಮುಖ್ಯಪಾತ್ರ ವಹಿಸಿದ ಚಂದ್ರು ಅವರ ಹೆಸರಿನೊಂದಿಗೆ ನಾಟಕದ ಹೆಸರೇ ಸೇರಿಹೋಯಿತು. ತಂಡದ ಮೂಲ ಹವ್ಯಾಸಿಗಳದು. ಆದರೆ ಒಂದು ಪಾತ್ರವನ್ನು ಅಷ್ಟು ಬಾರಿ ಧರಿಸಿದವರ ಸಿದ್ಧಿಯನ್ನು ಹವ್ಯಾಸವೆಂದು ಕರೆಯುವುದು ಉಚಿತವಾಗದು.

ಈ ಸಿದ್ಧಿಯಲ್ಲಿಯೇ ಕಸಬಿನ ಸುಖ ಅಡಗಿದೆ. ಒಂದು ಸಣ್ಣ ಸಂಗತಿಯನ್ನು ತೆಗೆದುಕೊಳ್ಳೋಣ. ಹಾಸ್ಯದ ಮಾತಿಗೆ ಪ್ರೇಕ್ಷಕರು ನಕ್ಕಾಗ ಮೊದಲ ಪ್ರದರ್ಶನದ ನಟನು ಕಲಿತ ವೇಗದಲ್ಲಿಯೇ ಮುಂದಿನ ಮಾತನ್ನು ಆಡಿಬಿಡುತ್ತಾನೆ. ಆ ಮಾತು ನಗೆಯಲ್ಲಿ ಮುಳುಗಿಹೋಗುತ್ತದೆ. ಹತ್ತು ಪ್ರದರ್ಶನಗಳಾದ ಮೇಲೆ ಅವನಿಗೆ ನಗೆಯ ಏರಿಳಿತ ತಿಳಿಯುತ್ತದೆ. ಅದು ಪೂರ್ತಿ ಅಡಗುವ ಮೊದಲು, ಇಳಿಯತೊಡಗಿದ ಕ್ಷಣದಲ್ಲಿ, ಮುಂದಿನ ಮಾತನ್ನು ಎತ್ತುತ್ತಾನೆ. ಇದನ್ನು ಯಾವ ನಿರ್ದೇಶಕನೂ ತಾಲೀಮಿನಲ್ಲಿ ಕಲಿಸಲಾರನು. ತಾಲೀಮಿನಲ್ಲಿ ನಗುವವರೇ ಇರುವುದಿಲ್ಲ. ಮೌನವನ್ನು ಹಿಡಿದು ನಿಲ್ಲಿಸುವುದು, ಎದುರಿನ ನಟ ಮಾತು ಮರೆತಾಗ ಪ್ರೇಕ್ಷಕರಿಗೆ ತಿಳಿಯದಂತೆ ದಡ ಸೇರಿಸುವುದು, ಮೂರು ಕಡೆ ಕುಳಿತವರಿಗೂ ಬೆನ್ನು ತೋರದಂತೆ ಸಂಚರಿಸುವುದು ಇವೆಲ್ಲವೂ ಆಡಿ ಆಡಿಯೇ ಬರತಕ್ಕವು. ಹೀಗೆ ಪ್ರೇಕ್ಷಕನೇ ಗುರುವಾಗುವ ಅನುಭವ ದೊರೆತವರು, ಸಂಪಾದನೆ ಹೆಚ್ಚಿರುವ ಬೇರೆ ಕೆಲಸದ ನಡುವೆಯೂ ರಂಗಕ್ಕೆ ಮರಳಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಬಂಡವಾಳ ತೀರಿಸುವ ಇಪ್ಪತ್ತನೆಯ ಪ್ರದರ್ಶನವೇ ಪಾತ್ರವನ್ನು ಪಕ್ವಗೊಳಿಸುವ ಪ್ರದರ್ಶನವೂ ಹೌದು. ನಾಟಕ ಎರಡೇ ದಿನಕ್ಕೆ ನಿಂತುಹೋದಾಗ ನಟನು ಹಣದೊಂದಿಗೆ ಈ ಪಕ್ವತೆಯನ್ನೂ ಕಳೆದುಕೊಳ್ಳುತ್ತಾನೆ.

ಈ ದೃಷ್ಟಿಯಿಂದ ಕಾಲೇಜುಗಳಿಗೂ ಒಂದು ಹೊಣೆಯುಂಟು. ಪ್ರತಿವರ್ಷ ಹೊಸ ನಾಟಕವೊಂದನ್ನು ಒಂದೇ ಸಲ ಆಡಿ ಬಹುಮಾನ ಗಳಿಸುವ ಸ್ಪರ್ಧಾಪದ್ಧತಿ ವಿದ್ಯಾರ್ಥಿಗಳಲ್ಲಿ ಉತ್ಸಾಹವನ್ನು ತುಂಬುತ್ತದೆ. ಕಸಬಿನ ಅರಿವನ್ನು ತುಂಬಲಾರದು. ಅದೇ ನಾಟಕವನ್ನು ನೆರೆಯ ನಾಲ್ಕಾರು ಕಾಲೇಜುಗಳಲ್ಲಿ ಮತ್ತೆ ಆಡಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಅವರಿಗೆ ಆ ರುಚಿ ಹತ್ತುತ್ತದೆ. ನಗರದ ತಂಡಗಳ ಹಳೆಯ ಪ್ರಯೋಗಗಳನ್ನು ಕಾಲೇಜಿನ ಸಭಾಂಗಣಕ್ಕೆ ಸಂಭಾವನೆ ಕೊಟ್ಟು ಕರೆಸುವುದೂ ಸಾಧ್ಯ. ಸಂಶೋಧನೆಯಲ್ಲಿ ಆಸಕ್ತರಾದವರು ಒಂದೊಂದು ನಾಟಕವೂ ಎಷ್ಟು ಪ್ರದರ್ಶನ ಕಂಡಿತು, ಎಲ್ಲೆಲ್ಲಿ, ಯಾವ ನಟವರ್ಗದಿಂದ ಎಂಬ ವಿವರವನ್ನು ಕರಪತ್ರ, ಟಿಕೆಟ್ ಪುಸ್ತಕ, ತಂಡಗಳ ಲೆಕ್ಕಪತ್ರಗಳ ಸಹಾಯದಿಂದ ಈಗಲೇ ಸಂಗ್ರಹಿಸತೊಡಗಬೇಕು. ನಾಟಕಕೃತಿಗಳ ವಿಮರ್ಶೆ ನಮ್ಮಲ್ಲಿ ಸಾಕಷ್ಟು ನಡೆದಿದೆ. ಅವನ್ನು ಆಡಿದವರು ಹೇಗೆ ಬದುಕಿದರೆಂಬುದರ ಅಧ್ಯಯನ ಅದರೊಡನೆ ಸೇರಿದಾಗ, ರಂಗಭೂಮಿಯನ್ನೇ ವೃತ್ತಿಯಾಗಿ ಆರಿಸಿಕೊಳ್ಳಬೇಕೆಂದಿರುವ ವಿದ್ಯಾರ್ಥಿಗೆ ಉಪಾಧ್ಯಾಯರು ಧೈರ್ಯವನ್ನಾಗಲಿ ಎಚ್ಚರಿಕೆಯನ್ನಾಗಲಿ ಆಧಾರಸಹಿತವಾಗಿ ಹೇಳಬಲ್ಲವರಾಗುತ್ತಾರೆ.