ಪರೀಕ್ಷಕನ ತಕ್ಕಡಿ

ತೇರ್ಗಡೆಗೆ ೩೫ ಅಂಕಗಳೆಂದು ಗೆರೆಯೆಳೆದಾಗ ೩೪ ಬಂದ ಹುಡುಗನಿಗೆ ಒಂದು ವರ್ಷ ನಷ್ಟ. ಬಡವರ ಮನೆಯವನಾದರೆ ಓದೇ ನಿಂತುಹೋಗುವುದುಂಟು. ಆ ಒಂದು ಅಂಕದ ನಿಜವಾದ ತೂಕವೆಷ್ಟು? ಅಕ್ಕಸಾಲಿಯ ತ್ರಾಸು ಗುಲಗಂಜಿಯಷ್ಟು ವ್ಯತ್ಯಾಸವನ್ನೂ ತೋರಿಸುತ್ತದೆ. ಉತ್ತರಪತ್ರಿಕೆಗಳನ್ನು ತೂಗುವ ನಮ್ಮ ತ್ರಾಸು ಅಷ್ಟು ಸೂಕ್ಷ್ಮವಾದುದೆಂದು ಅಧ್ಯಾಪಕರಾದ ನಾವು ಎದೆಮುಟ್ಟಿ ಹೇಳಲಾರೆವು.

ಈ ಸಂದೇಹವು ಹೊಸದಲ್ಲ. ಅರ್ಥಶಾಸ್ತ್ರಜ್ಞರಾದ ಎಡ್ಜ್‌ವರ್ತರು ೧೮೮೮ರಷ್ಟು ಹಿಂದೆಯೇ, ಪರೀಕ್ಷೆಯ ಅಂಕಗಳಲ್ಲಿ ಆಕಸ್ಮಿಕದ ಪಾಲು ಎಷ್ಟಿರುತ್ತದೆಂಬುದನ್ನು ಗಣಿತದ ಮೂಲಕ ವಿಚಾರಮಾಡಿದ್ದರು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ೧೯೧೩ರಲ್ಲಿ ರೇಖಾಗಣಿತದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಉಪಾಧ್ಯಾಯರಿಂದ ಪರೀಕ್ಷೆಮಾಡಿಸಿದರು. ಒಬ್ಬರು ಕೊಟ್ಟುದು ೨೮, ಇನ್ನೊಬ್ಬರು ಕೊಟ್ಟುದು ೯೫! ಪ್ರಬಂಧವಾಗಿದ್ದರೆ ಅಭಿರುಚಿಯ ಭೇದವೆನ್ನಬಹುದಾಗಿತ್ತು, ಇದು ರೇಖಾಗಣಿತ.

ಇದಕ್ಕಿಂತಲೂ ನಮ್ಮನ್ನು ಬೆಚ್ಚಿಸತಕ್ಕದ್ದು ಹಾರ್ಟಗ್ ಮತ್ತು ರೋಡ್ಸ್ ಎಂಬವರ ೧೯೩೫ರ ವರದಿ. ಈ ಸರ್ ಫಿಲಿಪ್ ಹಾರ್ಟಗರು ಭಾರತಕ್ಕೆ ಅಪರಿಚಿತರಲ್ಲ. ಢಾಕಾ ವಿಶ್ವವಿದ್ಯಾನಿಲಯದ ಮೊದಲನೆಯ ಉಪಕುಲಪತಿಗಳು ಅವರೇ. ಮೊದಲು ಒಂದೇ ಅಂಕ ಪಡೆದಿದ್ದ ಚರಿತ್ರೆಯ ೧೫ ಉತ್ತರಪತ್ರಿಕೆಗಳನ್ನು ಆರಿಸಿ ಅವರು ಅನುಭವಸ್ಥರಾದ ಪರೀಕ್ಷಕರ ಕೈಗಿತ್ತರು. ಒಂದು ವರ್ಷಕ್ಕೂ ಮೇಲ್ಪಟ್ಟು ಕಾಲ ಕಳೆದ ಬಳಿಕ ಅವೇ ಪತ್ರಿಕೆಗಳು ಅವರಲ್ಲಿ ೧೪ ಮಂದಿಯ ಬಳಿಗೆ ಮರಳಿ ಹೋದುವು. ಒಟ್ಟು ೨೧೦ ತೀರ್ಪುಗಳಲ್ಲಿ ೯೨ ಬದಲಾದುವು! ಇಬ್ಬರು ಪರೀಕ್ಷಕರಲ್ಲಿ ಮತಭೇದವಿರುವುದು ಸಹಜ. ಇಲ್ಲಿ ಮನುಷ್ಯನು ತನ್ನೊಡನೆಯೇ ಭಿನ್ನಾಭಿಪ್ರಾಯಪಟ್ಟಿದ್ದಾನೆ.

ಹೀಗಾಗುವುದೇಕೆ? ಪರೀಕ್ಷಕನು ಅನ್ಯಾಯಗಾರನಾಗಬೇಕಾಗಿಲ್ಲ. ನಾಲ್ಕು ಕಳಪೆ ಪತ್ರಿಕೆಗಳ ಹಿಂದೆ ಬಂದ ಸಾಧಾರಣ ಪತ್ರಿಕೆಯು ಚಿನ್ನದಂತೆ ಹೊಳೆಯುತ್ತದೆ. ಮೇಧಾವಿಯ ಪತ್ರಿಕೆಯ ಬೆನ್ನಿಗೇ ಬಂದರೆ ಅದೇ ಕಂದುತ್ತದೆ. ಬೆಳಗಿನ ತಾಳ್ಮೆ ಸಂಜೆಯ ಐವತ್ತನೆಯ ಪತ್ರಿಕೆಯ ವೇಳೆಗೆ ಉಳಿದಿರುವುದಿಲ್ಲ. ಮುತ್ತಿನಂಥ ಅಕ್ಷರಕ್ಕೆ ನಮ್ಮ ಲೇಖನಿ ತಾನಾಗಿಯೇ ಬಾಗುತ್ತದೆ. ಮೊದಲನೆಯ ಉತ್ತರ ಮೆಚ್ಚಿಕೆಯಾಯಿತೆಂದರೆ ಮುಂದಿನ ಉತ್ತರಗಳ ಲೋಪಗಳು ಅರ್ಧ ಮುಚ್ಚಿಹೋಗುತ್ತವೆ.

ಇಂಥ ಅಂಶಕ್ಕೆ ಇಷ್ಟು ಅಂಕವೆಂದು ಮುಂಚಿತವಾಗಿ ಪಟ್ಟಿ ಮಾಡಿಕೊಂಡರಾಯಿತೆಂದು ಕೆಲವರು ಹೇಳುವರು. ಪಟ್ಟಿಯಿಂದ ಏರುಪೇರು ತಗ್ಗುವುದು ನಿಜ. ಆದರೆ ಪಟ್ಟಿಯಲ್ಲಿಲ್ಲದ ಹಾದಿಯಲ್ಲಿ ಬಂದು ಸರಿಯಾದ ಸ್ಥಳಕ್ಕೆ ತಲಪಿದ ಹುಡುಗನನ್ನು ಅದು ಗುರುತಿಸಲಾರದು. ಕಂಠಪಾಠ ಮಾಡಿದವನಿಗಂತೂ ಅದು ರಾಜಮಾರ್ಗ.

ಇನ್ನು ಎಲ್ಲ ವಿಷಯಗಳಲ್ಲಿಯೂ ಗೆರೆ ದಾಟಬೇಕೆಂಬ ನಿಯಮವೊಂದುಂಟಷ್ಟೆ. ಕಲ್ಕತ್ತೆಯಲ್ಲಿ ೧೮೫೮ರಲ್ಲಿ ನಡೆದ ಮೊದಲನೆಯ ಬಿ.ಎ. ಪರೀಕ್ಷೆಯಲ್ಲಿ ಬಂಕಿಮಚಂದ್ರ ಚಟರ್ಜಿಯವರು ತೇರ್ಗಡೆಯಾದುದು ಗ್ರೇಸ್ ಮಾರ್ಕುಗಳ ಬಲದಿಂದ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ನರಿಗೆ ಅಂಥ ಕೃಪೆ ದೊರೆಯಲಿಲ್ಲ. ಗಣಿತವೊಂದನ್ನುಳಿದು ಬೇರೆ ವಿಷಯಗಳಲ್ಲಿ ಸೋತು ವಿದ್ಯಾರ್ಥಿವೇತನವನ್ನು ಕಳೆದುಕೊಂಡ ಅವರು, ೧೯೦೭ರಲ್ಲಿ ಎಫ್.ಎ. ಪರೀಕ್ಷೆಯಲ್ಲಿ ಮತ್ತೊಮ್ಮೆ ನಪಾಸಾದರು. ೧೯೧೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಫೆಲೋ ಆಗಿ ಆರಿಸಿತು. ಇದರಿಂದ ನಪಾಸಾದವರೆಲ್ಲರೂ ರಾಮಾನುಜನ್ನರೆಂದು ತಿಳಿಯಬೇಕಾಗಿಲ್ಲ. ಆ ಸಮಾಧಾನವನ್ನು ಹುಡುಗರು ತಾವೇ ಹೇಳಿಕೊಳ್ಳುತ್ತಾರೆ. ಅಂದು ಪರೀಕ್ಷಕರು ಅಂಕ ಕೊಟ್ಟುದರಲ್ಲಿ ತಪ್ಪಿತ್ತೆಂದೂ ನಾವು ಹೇಳುತ್ತಿಲ್ಲ. ಕೂಡಿಸಲಾಗದ ಗುಣಗಳನ್ನು ಕೂಡಿಸಿ ಒಂದೇ ಮೊತ್ತದಿಂದ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿಯಲ್ಲಿಯೇ ತೊಡಕಿದೆ.

ಆದರೂ ಪರೀಕ್ಷೆಗಳನ್ನು ಎತ್ತಿಬಿಡುವುದು ನಮಗೆ ಸಮ್ಮತವಲ್ಲ. ಅವಿಲ್ಲದೆ ಹೋದರೆ ಶಿಫಾರಸಿನ ಕಾಗದಗಳು ಆ ಸ್ಥಾನಕ್ಕೆ ಬರುತ್ತವೆ. ಆಗ ಬಡವರ ಮಗನಿಗೆ ಈ ಅಂಕಪಟ್ಟಿಯ ಆಸರೆಯೂ ತಪ್ಪುತ್ತದೆ. ಹೆಸರು ಕಾಣದಂತೆ ಮಾಡುವುದು, ಒಂದು ಪ್ರಶ್ನೆಯ ಉತ್ತರವನ್ನು ಎಲ್ಲ ಪತ್ರಿಕೆಗಳಲ್ಲಿಯೂ ನೋಡಿ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕೈಹಾಕುವುದು, ಇವು ಹೆಚ್ಚು ವೆಚ್ಚವಿಲ್ಲದೆ ಆಗತಕ್ಕ ಕೆಲಸಗಳು. ಗೆರೆಯ ಅಂಚಿನಲ್ಲಿ ನಿಂತ ಪತ್ರಿಕೆಗಳನ್ನಾದರೂ ಇನ್ನೊಬ್ಬರಿಂದ ಓದಿಸಬೇಕು. ಫಲಿತಾಂಶ ಒಂದು ವಾರ ತಡವಾದರೂ ಚಿಂತೆಯಿಲ್ಲ. ಮೊದಲನೆಯವರು ಹಾಕಿದ ಅಂಕವನ್ನು ಮಾತ್ರ ಎರಡನೆಯವರ ಕಣ್ಣಿಗೆ ಬೀಳದಂತೆ ಮುಚ್ಚಿಕೊಡತಕ್ಕದ್ದು. ಕಂಡರೆ ಅವರ ಲೇಖನಿಯೂ ಅದರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ.