ರೋಗಿಗಳ ಅಭ್ಯಂಗ ಸಂಸ್ಕಾರ

ರೋಗಿಗಳ ಅಭ್ಯಂಗವು ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಒಂದು. ತೀವ್ರ ಕಾಯಿಲೆಯಿಂದ ಅಥವಾ ಮುಪ್ಪಿನ ನಿಶ್ಶಕ್ತಿಯಿಂದ ಬಳಲುತ್ತಿರುವವರ ತಲೆಯ ಮೇಲೆ ಗುರುಗಳು ಮೌನವಾಗಿ ಕೈಯಿಟ್ಟು ಪ್ರಾರ್ಥಿಸಿ, ಅವರ ಹಣೆಗೂ ಕೈಗಳಿಗೂ ಪವಿತ್ರ ತೈಲವನ್ನು ಲೇಪಿಸುತ್ತಾರೆ. ಇದನ್ನು ಹಿಂದೆ ‘ಅಂತಿಮ ಅಭ್ಯಂಗ’ ಎನ್ನಲಾಗುತ್ತಿತ್ತು. ಸಾಯುವವರಿಗೆ ಮಾತ್ರ ಸಲ್ಲುವ ವಿಧಿ ಇದೆಂಬ ತಿಳಿವಳಿಕೆಗೆ ಆ ಹೆಸರೂ ಒಂದು ಕಾರಣ.

ಹಿನ್ನೆಲೆ

ಯೇಸುವಿನ ಶಿಷ್ಯರು ರೋಗಿಗಳಿಗೆ ಎಣ್ಣೆ ಹಚ್ಚಿ ಗುಣಪಡಿಸಿದ ಉಲ್ಲೇಖ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಿಕೊಳ್ಳಬೇಕೆಂಬ ಸೂಚನೆ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಬಿಷಪರು ಪವಿತ್ರೀಕರಿಸಿದ ತೈಲವನ್ನು ಸಾಮಾನ್ಯ ಭಕ್ತರೂ ಬಳಸಬಹುದೆಂದು ಪೋಪ್ ಒಂದನೇ ಇನೊಸೆಂಟ್ 416ರ ಪತ್ರವೊಂದರಲ್ಲಿ ಬರೆದಿದ್ದರು. ಮಧ್ಯಯುಗದಲ್ಲಿ ಈ ವಿಧಿ ಕ್ರಮೇಣ ಮರಣಶಯ್ಯೆಗೆ ಸೀಮಿತವಾಯಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ‘ರೋಗಿಗಳ ಅಭ್ಯಂಗ’ವೇ ಹೆಚ್ಚು ಸೂಕ್ತವಾದ ಹೆಸರೆಂದು ಹೇಳಿತು. 1972ರಲ್ಲಿ ಪೋಪ್ ಆರನೇ ಪಾಲ್ ವಿಧಿಯನ್ನು ಪರಿಷ್ಕರಿಸಿ, ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯಜನ್ಯ ಎಣ್ಣೆಯನ್ನೂ ಬಳಸಲು ಅನುಮತಿಸಿದರು. ಆಲಿವ್ ಬೆಳೆಯದ ನಾಡುಗಳ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

ಹಾಸನ ಜಿಲ್ಲೆಯಲ್ಲಿ

ಹಾಸನ ಜಿಲ್ಲೆಯ ಕಥೋಲಿಕರು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದ್ದಾರೆ. ಪವಿತ್ರ ಗುರುವಾರ ಅಥವಾ ಅದಕ್ಕೆ ಹತ್ತಿರದ ದಿನ ಬಿಷಪರು ಪವಿತ್ರೀಕರಿಸುವ ತೈಲವೇ ವರ್ಷವಿಡೀ ಧರ್ಮಕೇಂದ್ರಗಳಲ್ಲಿ ಬಳಕೆಯಾಗುತ್ತದೆ. ತುರ್ತು ಸಂದರ್ಭದಲ್ಲಿ ಗುರುಗಳೇ ತೈಲವನ್ನು ಪವಿತ್ರೀಕರಿಸಬಹುದು.

ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳುಬಿದ್ದ ರೋಸರಿ ಚರ್ಚನ್ನು 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಆ ಕಾಲದ ವಿಧಿ ಲ್ಯಾಟಿನ್ ಭಾಷೆಯಲ್ಲಿತ್ತು. ಕಣ್ಣು, ಕಿವಿ, ಮೂಗು, ಬಾಯಿ, ಕೈ, ಕಾಲುಗಳಿಗೆ ಒಂದೊಂದಾಗಿ ತೈಲ ಹಚ್ಚಿ, ಆಯಾ ಇಂದ್ರಿಯದ ಮೂಲಕ ಆದ ಪಾಪಕ್ಕೆ ಕ್ಷಮೆ ಬೇಡಲಾಗುತ್ತಿತ್ತು. ಅಣೆಕಟ್ಟೆಯಿಂದಾಗಿ ಊರವರು ಬೇರೆಡೆಗೆ ನೆಲೆ ಬದಲಿಸಿದರು. ಇಂದು ಪ್ರಾರ್ಥನೆ ಜನರ ಭಾಷೆಯಲ್ಲಿಯೇ ನಡೆಯುತ್ತದೆ. ಮನೆ, ಆಸ್ಪತ್ರೆ, ಚರ್ಚ್ ಎಲ್ಲಿಯಾದರೂ ನಡೆಸಬಹುದು.

ಯಾವಾಗ, ಯಾರಿಂದ

ಗುರುಗಳು ಮತ್ತು ಬಿಷಪರು ಮಾತ್ರ ಈ ಸಂಸ್ಕಾರವನ್ನು ನೀಡಬಲ್ಲರು. ರೋಗಿಯ ಬಳಿ ಕುಳಿತು ಪ್ರಾರ್ಥಿಸುವುದಕ್ಕೆ ಇಂಥ ನಿರ್ಬಂಧವಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನವೂ ಅಭ್ಯಂಗ ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ ಪುನಃ ಪಡೆಯಬಹುದು. ವೈದ್ಯಕೀಯ ಚಿಕಿತ್ಸೆಗೆ ಇದು ಬದಲಿಯಲ್ಲ.

ರೋಗಿ ಹೆದರಿಯಾನೆಂಬ ಅಳುಕಿನಿಂದ ಮನೆಯವರು ಗುರುಗಳನ್ನು ಕರೆಸಲು ತಡಮಾಡುವುದುಂಟು. ಇದರ ನಷ್ಟ ರೋಗಿಗೇ. ಪ್ರಜ್ಞೆ ತಪ್ಪಿದ ಮೇಲೆ ಅವರು ಪಾಪನಿವೇದನೆ ಮಾಡಲಾರರು, ಪ್ರಾರ್ಥನೆಗೆ ದನಿಗೂಡಿಸಲಾರರು, ಪರಮಪ್ರಸಾದವನ್ನೂ ಸ್ವೀಕರಿಸಲಾರರು. ವಾಸ್ತವವಾಗಿ ಸಾಯುವವರ ಸಂಸ್ಕಾರವೆನಿಸಿರುವುದು ಅಭ್ಯಂಗವಲ್ಲ, ಕೊನೆಯ ಪಯಣದ ಬುತ್ತಿಯೆಂದು ನೀಡುವ ಆ ಪರಮಪ್ರಸಾದ. ಎಚ್ಚರವಿದ್ದಿದ್ದರೆ ರೋಗಿ ಕೇಳಿಕೊಳ್ಳುತ್ತಿದ್ದರೆಂದು ಭಾವಿಸಲು ಆಸ್ಪದವಿದ್ದರೆ ಪ್ರಜ್ಞೆಯಿಲ್ಲದವರಿಗೂ ಅಭ್ಯಂಗ ನೀಡಲಾಗುತ್ತದೆ. ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಸಂದೇಹವಿದ್ದಾಗಲೂ ನೀಡಬೇಕೆಂದು 1983ರ ಧರ್ಮಸಭಾ ಕಾನೂನು ಸಂಹಿತೆ ಹೇಳುತ್ತದೆ. ಮರಣ ಖಚಿತವಾದ ಬಳಿಕ ತೈಲ ಹಚ್ಚುವಂತಿಲ್ಲ; ಆಗ ಗುರುಗಳು ಮೃತರಿಗಾಗಿ ಪ್ರಾರ್ಥಿಸುತ್ತಾರೆ.